ಕೊಡೆ ಹಿಡಿದ ಹೆಗ್ಗಣ

ಕೋಪ ಬಂದರೆ ಖಮರುನ್ನೀಸಾ ಪಾತ್ರೆ ಕುಕ್ಕುತ್ತಿರಲಿಲ್ಲ, ಬಾಗಿಲು ಬಡಿಯುತ್ತಿರಲಿಲ್ಲ. ಮೂಲೆಯಲ್ಲಿದ್ದ ಕತ್ತರಿ ತೆಗೆದುಕೊಂಡು ಹಿತ್ತಾಳೆ ತಗಡು ಕತ್ತರಿಸಲು ಕೂರುತ್ತಿದ್ದಳು. ಗುಬ್ಬಿಯ ಪೇಟೆ ಹಿಂದಿನ ಆ ಗಲ್ಲಿಯಲ್ಲಿ ಕತ್ತರಿಯ ಸದ್ದು ಕೇಳಿತೆಂದರೆ ಅಕ್ಕಪಕ್ಕದವರು ಇವತ್ತು ಯಾರ ಸರದಿಯೋ ಅಂದುಕೊಳ್ಳುತ್ತಿದ್ದರು. ಯಾಕೆಂದರೆ ಅವಳ ಕೋಪ ಕೊನೆಗೆ ಯಾರದಾದರೂ ಕಿವಿಯಲ್ಲಿ ನೇತಾಡುತ್ತಿತ್ತು. ಹಾಲಿನ ಕದರಯ್ಯ ಬೇಸಿಗೆಯಿಡೀ ನೀರು ಬೆರೆಸಿ ಅಳೆದಾಗ ಅವಳು ಒಂದು ಮಾತೂ ಆಡದೆ ಒಂದು ಜೊತೆ ಲೋಲಾಕು ಮಾಡಿದಳು. ದಪ್ಪನೆಯ ಎಮ್ಮೆ, ಕೆಚ್ಚಲಿರಬೇಕಾದ ಕಡೆ ಪುಟ್ಟದೊಂದು ನಲ್ಲಿ. ಅದನ್ನು ಪಕ್ಕದ ಮನೆಯ ಗಿರಿಯಮ್ಮನ ಕಿವಿಗೆ ಹಾಕಿಸಿ ಬಸ್ ಸ್ಟ್ಯಾಂಡಿಗೆ ಹೂ ಮಾರಲು ಕಳಿಸಿದಳು. ವಾರ ಕಳೆಯುವುದರೊಳಗೆ ಕದರಯ್ಯನ ಹಾಲು ಗಟ್ಟಿಯಾಯಿತು.

ಅವಳ ಗಂಡ ಅಬ್ದುಲ್ ಖಾದರ್ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಅವನ ಪಕ್ಕದಲ್ಲಿ ತಿದಿ ಒತ್ತುತ್ತಲೇ ಅವಳು ಬೆಸುಗೆ ಹಾಕುವುದನ್ನೂ ಅರದಿಂದ ಉಜ್ಜಿ ನುಣುಪು ಮಾಡುವುದನ್ನೂ ಕಲಿತಳು. ಅವನು ಜ್ವರದಲ್ಲಿ ತೀರಿಕೊಂಡಾಗ ಉಳಿದದ್ದು ಒಂದು ಗೋಣಿಚೀಲ ಹಿತ್ತಾಳೆ ಚೂರು, ರಹಿಮಾ ಎಂಬ ಮಗಳು. ಚೂರನ್ನು ಗುಜರಿಗೆ ಹಾಕು ಎಂದು ಎಲ್ಲರೂ ಹೇಳಿದರು. ಖಮರುನ್ನೀಸಾ ಹಾಕಲಿಲ್ಲ. ಬದನೆಕಾಯಿ ಜುಮುಕಿ ಮಾಡಿದಳು, ಸೈಕಲ್ ಏರಿದ ಕಪ್ಪೆ ಮಾಡಿದಳು, ಒಲೆಯ ಮುಂದೆ ಕೂತು ಆಕಳಿಸುವ ಬೆಕ್ಕು ಮಾಡಿದಳು. ಅರ್ಧ ತುಂಟತನ ಮಗಳದು, ಅರ್ಧ ಕೈ ತಾಯಿಯದು. ಸಿ.ಎಸ್. ಪುರದ ಕಡೆಯಿಂದಲೂ ಹೆಂಗಸರು "ನಗಿಸೋ ಒಡವೆ ಮಾಡ್ತಾರಂತಲ್ಲ ಆ ಬೂಬಮ್ಮನ ಮನೆ ಯಾವುದು" ಎಂದು ಹುಡುಕಿಕೊಂಡು ಬರುತ್ತಿದ್ದರು. ಅವಳದು ಮನೆಯೊಳಗೆ ಉರ್ದು, ಬೀದಿಯಲ್ಲಿ ಕನ್ನಡ. ಬೈಯುವಾಗ ಮಾತ್ರ ಎಲ್ಲಿದ್ದರೂ ಕನ್ನಡವೇ. ಅದರಲ್ಲಿ ಬೈದರೇ ನಾಟುವುದು ಎಂದು ಅವಳ ನಂಬಿಕೆ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ರಹಿಮಾಳ ನಿಕಾಹ್ ಗೊತ್ತಾಯಿತು. ಗಂಡು ಕುಣಿಗಲ್ಲಿನ ನಯಾಜ್ ಅಹಮದ್, ಹೊಲಿಗೆ ಕೆಲಸದವನು, ಮೆತ್ತನೆಯ ಹುಡುಗ. ಅವನ ತಾಯಿ ಜೈನಬ್ ಬೀ ಮಾತ್ರ ಮಗನ ಪಾಲಿನ ಗಡಸನ್ನೂ ತಾನೇ ತೆಗೆದುಕೊಂಡು ಹುಟ್ಟಿದಂಥ ಹೆಂಗಸು. ಚಿನ್ನ ಎಷ್ಟು ಹಾಕುತ್ತೀರಿ ಎಂದು ಅವಳು ನೇರವಾಗಿ ಕೇಳಿದಳು. ಖಮರುನ್ನೀಸಾ ಅಷ್ಟೇ ನೇರವಾಗಿ ಹೇಳಿದಳು.

"ಚಿನ್ನ ಇಲ್ಲ. ಚಿನ್ನ ಯಾರ ಮನೇಲಾದ್ರೂ ಇರ್ತದೆ ಬೀಗಿತ್ತಿ. ನನ್ನ ಮಗಳು ಹಾಕ್ಕೊಂಡು ಬರೋ ಒಡವೆ ಈ ಭೂಮಿ ಮೇಲೆ ಇನ್ನೊಬ್ಬಳ ಮೈ ಮೇಲೆ ಇರಲ್ಲ. ಇದು ನನ್ನ ಮಾತು."

ಆ ಮಾತು ಜೈನಬ್ ಬೀಗೆ ಯಾಕೋ ಹಿಡಿಸಿತು. ನಮ್ಮ ಸೊಸೆಯ ಒಡವೆ ಬೇಗಂಗಳ ಹತ್ತಿರವೂ ಇಲ್ಲವಂತೆ ಎಂದು ಅವಳು ಕೊತ್ತಗೆರೆಯ ನೆಂಟರವರೆಗೂ ಸಾರಿಕೊಂಡು ಬಂದಳು.

ಆ ಮಾತು ಉಳಿಸಿಕೊಳ್ಳಲು ಖಮರುನ್ನೀಸಾ ಮಳೆಗಾಲ ಪೂರ್ತಿ ಕೂತಳು. ಮಗಳ ಬಾಲ್ಯವನ್ನೇ ಒಡವೆ ಮಾಡಿದಳು. ಬೈತಲೆಗೆ ಒಂದು ಗಾಳಿಪಟ, ಬಾಲ ಹಣೆಯ ಮೇಲೆ ಅಲ್ಲಾಡುವಂತೆ. ಕೊರಳಿಗೆ ಕೊಕ್ಕಿನಲ್ಲಿ ಕಾಳು ಕಚ್ಚಿದ ಗುಬ್ಬಚ್ಚಿಯ ಪದಕ. ಕೈಗೆ ದಾಸವಾಳ ಮೇಯುವ ಮೇಕೆಯ ಬಳೆ. ರಹಿಮಾ ಸಾಕಿದ್ದ ಮೇಕೆಯದೇ ಮುಖ ಅದಕ್ಕೆ, ಅದೇ ಸೊಟ್ಟ ಕೊಂಬು. ಒಂದು ಕಿವಿಗೆ ಇಲಿ, ಇನ್ನೊಂದು ಕಿವಿಗೆ ಬೆಕ್ಕು. ಹುಡುಗಿ ತಲೆ ಆಡಿಸಿದಾಗಲೆಲ್ಲ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು, ನಡುವೆ ಮೂಗು ಅಡ್ಡ ಬರುತ್ತಿತ್ತು. ಹಾಕಿ ನೋಡಿದ ದಿನ ತಾಯಿ ಮಗಳಿಬ್ಬರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು.

ಹಿತ್ತಾಳೆ ಹಾಗೇ ಇದ್ದರೆ ಕಪ್ಪಾಗುತ್ತದೆ. ಗಿಲೀಟು ಹಾಕಿಸಬೇಕು, ಅಂದರೆ ಮೇಲೊಂದು ಹೊಂಬಣ್ಣ ಏರಿಸಬೇಕು. ಅವಳಿಗೆ ಗೊತ್ತಿದ್ದ ಗಿಲೀಟಿನ ತೊಟ್ಟಿ ತುಮಕೂರಿನ ಮಂಡಿಪೇಟೆ ಹತ್ತಿರ ದಸ್ತಗೀರ್ ಸಾಬ್ ಅವರ ಬಳೆ ಅಂಗಡಿಯ ಹಿಂದೆ ಇತ್ತು. ದಸ್ತಗೀರ್ ಸಾಬ್ ಅಬ್ದುಲ್ ಖಾದರನಿಗೆ ದೂರದ ಸಂಬಂಧ. ಮೆಹಂದಿ ಹಚ್ಚಿದ ಕೆಂಪು ಗಡ್ಡ, ಬಾಯಲ್ಲಿ ಸಕ್ಕರೆ, ಊರಿನ ದೊಡ್ಡವರ ಸಾಲಿನಲ್ಲಿ ಕೂರುವ ಮರ್ಯಾದಸ್ಥ. "ನಿಮ್ಮ ಮಗಳು ನನ್ನ ಮಗಳಲ್ವಾ ಆಪಾ, ಬಿಟ್ಟು ಹೋಗಿ" ಅಂದರು. ಅವಳು ಬಿಟ್ಟು ಹೋದಳು. ವಾಪಸು ತಂದಾಗ ಗುಬ್ಬಚ್ಚಿಯ ಕೊಕ್ಕಿನ ಸಂದಿಯಲ್ಲಿ ಹಳದಿ ಸೋಪಿನ ಚೂರೊಂದು ಸಿಕ್ಕಿಕೊಂಡಿತ್ತು. ಪುಣ್ಯಾತ್ಮ ತೊಳೆದು ಕೊಟ್ಟಿದ್ದಾನೆ ಎಂದು ಅವಳು ಮನಸ್ಸಿನಲ್ಲೇ ದುವಾ ಹೇಳಿದಳು. ಇವತ್ತಿಗೂ ಆ ದುವಾ ನೆನೆದರೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಿಕಾಹ್ ದಿನ ಕುಣಿಗಲ್ಲಿನ ಗಂಡಿನ ಕಡೆಯವರು ಬಸ್ಸಿಂದ ಇಳಿದರು. ಮೊದಲು ಇಳಿದ ಹುಡುಗಿಯ ಕೊರಳಲ್ಲಿ ಗುಬ್ಬಚ್ಚಿ. ಕೊಕ್ಕಿನಲ್ಲಿ ಕಾಳು. ಅವಳ ಹಿಂದಿನವಳ ಕಿವಿಯಲ್ಲಿ ಬೆಕ್ಕು, ಇಲಿ. ಅದರ ಹಿಂದಿನವಳ ಕೈಯಲ್ಲಿ ಸೊಟ್ಟ ಕೊಂಬಿನ ಮೇಕೆ. ಬರುವ ದಾರಿಯಲ್ಲಿ ತುಮಕೂರಿನಲ್ಲಿ ಬಸ್ ನಿಂತಾಗ ಎಲ್ಲರೂ ಬಳೆ ಅಂಗಡಿಗೆ ನುಗ್ಗಿದ್ದರಂತೆ, ಹೊಸ ಮಾಲು ಬಂದಿದೆ ಅಂತ ದಸ್ತಗೀರ್ ಸಾಬ್ ಅವರೇ ಕೈಯಾರೆ ತೆಗೆದು ತೋರಿಸಿದ್ದರಂತೆ. ಮದುವಣಗಿತ್ತಿಯ ಮೇಲಿನ ಪರದೆ ಸರಿಸಿದಾಗ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಚಪ್ಪರ.

ಜೈನಬ್ ಬೀ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಸೊಸೆಯ ಹಣೆಯ ಮೇಲಿನ ಗಾಳಿಪಟವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಭೂಮಿ ಮೇಲೆ ಇನ್ನೊಬ್ಬಳ ಹತ್ರ ಇರಲ್ಲ ಅಂದಿದ್ರಿ. ನಮ್ಮೋರು ಬಸ್ ಸ್ಟ್ಯಾಂಡಲ್ಲೇ ಕೊಂಡ್ಕೊಂಡು ಬಂದವ್ರೆ ನೋಡಿ" ಅಂದಳು. ಅಷ್ಟೇ. ಅವತ್ತಿನಿಂದ ಕುಣಿಗಲ್ಲಿನ ಆ ಮನೆಯಲ್ಲಿ ರಹಿಮಾಳಿಗೆ ಹೆಸರೇ ಹೋಯಿತು. ಗಿಲೀಟು ಸೊಸೆ ಅನ್ನುವುದೇ ಹೆಸರಾಯಿತು.

ಖಮರುನ್ನೀಸಾ ಮಾರನೇ ದಿನವೇ ತುಮಕೂರಿಗೆ ಹೋದಳು. ಗಾಜಿನ ಪೆಟ್ಟಿಗೆಯಲ್ಲಿ ಅವಳ ಮಗಳ ಬಾಲ್ಯ ಡಜನ್ ಲೆಕ್ಕದಲ್ಲಿ ಜೋತುಬಿದ್ದಿತ್ತು. ಸೋಪಿನ ಬಿಲ್ಲೆಯಲ್ಲಿ ಒತ್ತಿ ಅಚ್ಚು ತೆಗೆದು, ಅದರಿಂದ ಸೀಸದಲ್ಲಿ ಎರಕ ಹೊಯ್ದದ್ದು ನೋಡಿದ ತಕ್ಷಣ ಗೊತ್ತಾಯಿತು. ಒಂದೇ ಮಗ್ಗುಲಿನ ಗುಬ್ಬಚ್ಚಿ, ಹಿಂದೆ ಚಪ್ಪಟೆ.

"ನಮ್ಮ ಹುಡುಗಿ ಮಾನ ತೆಗೆದ್ರಲ್ಲ ಭಾಯಿ" ಅಂದಳು.

ದಸ್ತಗೀರ್ ಸಾಬ್ ಅವರ ಗಡ್ಡದ ಒಂದು ಕೂದಲೂ ಅಲ್ಲಾಡಲಿಲ್ಲ. "ಗುಬ್ಬಚ್ಚಿ ಏನು ನಿಮ್ಮಪ್ಪನ ಆಸ್ತೀನಾ ಆಪಾ? ಎಲ್ಲರ ಮನೆ ಸೂರಲ್ಲೂ ಗೂಡು ಕಟ್ತದೆ. ನನ್ನ ಸೂರಲ್ಲೂ ಕಟ್ತು. ಅದಕ್ಯಾಕೆ ಇಷ್ಟು ರಂಪ? ಬನ್ನಿ, ಟೀ ಕುಡೀರಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕದ್ದವನಿಗೆ ಸಾಕ್ಷಿ ಇತ್ತು, ಕಳೆದುಕೊಂಡವಳಿಗೆ ಇರಲಿಲ್ಲ. ಅಷ್ಟರಲ್ಲಿ ಆಜಾನ್ ಆಯಿತು. ಅವರು ಕೊಡೆಯನ್ನು ಎಡಗಂಕುಳಿಗೆ ಸಿಕ್ಕಿಸಿಕೊಂಡು ಮಸೀದಿಯ ಕಡೆ ಹೊರಟರು. ಬಿಸಿಲಿರಲಿ ಮಳೆಯಿರಲಿ ಆ ಕೊಡೆ ಕಂಕುಳು ಬಿಟ್ಟದ್ದಿಲ್ಲ, ಬಿಚ್ಚಿದ್ದನ್ನು ನೋಡಿದವರೂ ಇಲ್ಲ. ಖಮರುನ್ನೀಸಾ ಮೆಟ್ಟಿಲ ಮೇಲೆ ನಿಂತು ಆ ಬೆನ್ನನ್ನು ನೋಡಿದಳು. ಮೈಯೆಲ್ಲ ಉರಿಯುತ್ತಿದ್ದರೂ ಕಣ್ಣು ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಕೊಡೆಯಿಂದಾಗಿ ಎಡಭುಜ ಮೇಲೆ, ಬಲಭುಜ ಕೆಳಗೆ. ಕತ್ತು ಅನ್ನುವುದೇ ಇಲ್ಲ, ಟೋಪಿ ನೇರ ಕಾಲರಿನ ಮೇಲೆ ಕೂತಿದೆ. ಪಾದ ಎರಡೂ ಬೇರೆ ಬೇರೆ ಊರಿಗೆ ಹೊರಟಂತೆ ಆಚೆಗೊಂದು ಈಚೆಗೊಂದು. ಬಲಗೈ ಬೆನ್ನ ಹಿಂದೆ, ಅಂಗೈ ಬಿಚ್ಚಿದೆ, ಹಿಂದಿನಿಂದ ಯಾರಾದರೂ ಏನಾದರೂ ಇಟ್ಟು ಹೋಗಲಿ ಅನ್ನುವ ಹಾಗೆ.

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಅವಳಿಗೆ ಆ ಗಾದೆ ಅವತ್ತು ನಾಲಿಗೆಯಲ್ಲಲ್ಲ, ಬೆರಳ ತುದಿಯಲ್ಲಿ ಹೊಳೆಯಿತು.

ಆದರೂ ಬಹುಶಃ ಸುಮ್ಮನಾಗುತ್ತಿದ್ದಳೋ ಏನೋ. ಬಕ್ರೀದ್ ಹಬ್ಬಕ್ಕೆ ರಹಿಮಾ ಗುಬ್ಬಿಗೆ ಬಂದಳು. ಕಿವಿ ಬೋಳು, ಕೈ ಬೋಳು, ಕೊರಳಲ್ಲಿ ಮದುವೆಯ ಕರಿಮಣಿ ಲಚ್ಛಾ ಒಂದೇ. ತಾಯಿ ಮಾಡಿದ್ದನ್ನೆಲ್ಲ ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟಿದ್ದಳಂತೆ. ಹಿತ್ತಲಲ್ಲಿ ಮೇಕೆ ಕೆಮ್ಮಿದರೆ ಅದರ ಹಾಗೇ ಕೆಮ್ಮಿ ಮನೆಯವರನ್ನು ನಗಿಸುತ್ತಿದ್ದ ಹುಡುಗಿ ಈಗ ಗೋಡೆ ನೋಡಿಕೊಂಡು ಕೂತಿದ್ದಳು.

"ಅಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯೋದಿಲ್ಲ ಅಮ್ಮೀ. ಗಿಲೀಟು ನೀರು ತಗೊಂಡ್ ಬಾ, ಗಿಲೀಟು ರೊಟ್ಟಿ ತಟ್ಟಾಯ್ತಾ ಅಂತಾರೆ. ನಾನು ನಕ್ರೆ, ನಗೂನೂ ಗಿಲೀಟೇ ಅಂತಾರೆ. ಅದಕ್ಕೇ ನಗೋದೇ ಬಿಟ್ಟಿದೀನಿ."

ಮಗಳು ಬಸ್ ಹತ್ತಿದ ಮೇಲೆ ಗಲ್ಲಿಯಲ್ಲಿ ಕತ್ತರಿಯ ಸದ್ದು ಶುರುವಾಯಿತು.

ಅದಕ್ಕೂ ಮೊದಲು ಅವಳು ಮಾಡಿದ್ದು ಇನ್ನೊಂದು ಕೆಲಸ. ಬುರ್ಖಾ ಹಾಕಿಕೊಂಡು ತುಮಕೂರಿಗೆ ಹೋಗಿ ದಸ್ತಗೀರ್ ಸಾಬ್ ಅವರ ಹಿಂದೆ ಹಿಂದೆ ನಡೆದಳು. ಅಂಗಡಿಯಿಂದ ಮಸೀದಿಗೆ, ಮಸೀದಿಯಿಂದ ಹೋಟೆಲಿಗೆ, ಹೋಟೆಲಿನಿಂದ ಮಂಡಿಗೆ. ಬೀದಿಯಲ್ಲಿ ಕಪ್ಪು ಬುರ್ಖಾ ತೊಟ್ಟವರು ಎಷ್ಟೋ, ಅದರಲ್ಲಿ ಯಾರು ಖಮರುನ್ನೀಸಾ ಎಂದು ಯಾರಿಗೆ ಗೊತ್ತು? ಅಷ್ಟು ಮನಸ್ಸಿಟ್ಟು ಅವಳು ಕಟ್ಟಿಕೊಂಡ ಗಂಡನನ್ನೂ ನೋಡಿರಲಿಲ್ಲ. ಹೆಜ್ಜೆ ಎತ್ತುವಾಗ ಸೊಂಟ ಯಾವ ಕಡೆ ಒಲೆಯುತ್ತದೆ, ಯಾರಾದರೂ ಎದುರು ಬಂದರೆ ಹಿಂದಿನ ಅಂಗೈ ಹೇಗೆ ಮುಚ್ಚಿಕೊಳ್ಳುತ್ತದೆ, ಎಲ್ಲವನ್ನೂ ಕಣ್ಣಲ್ಲಿ ಅರೆದು ಕುಡಿದಳು.

ಆಮೇಲೆ ಹೆಗ್ಗಣ ಮಾಡಿದಳು. ಹಿಂದಿನಿಂದ ಕಾಣುವ ಹೆಗ್ಗಣ. ಮುಖವೇ ಇಲ್ಲ, ಗಡ್ಡವೂ ಇಲ್ಲ. ಬರೀ ಬೆನ್ನು. ತಲೆಯ ಮೇಲೆ ಟೋಪಿ, ಎಡಗಂಕುಳಲ್ಲಿ ಕೊಡೆ, ಆಚೀಚೆ ಪಾದ, ಜುಬ್ಬದ ಕೆಳಗಿಂದ ಇಣುಕುವ ಬಾಲ, ಬೆನ್ನ ಹಿಂದೆ ಬಿಚ್ಚಿದ ಅಂಗೈ. ಹೆಬ್ಬೆರಳಿನಷ್ಟು ಎತ್ತರದ ಪದಕ. ಮುಗಿಸಿದ ಮೇಲೆ ಗಿರಿಯಮ್ಮನನ್ನು ಕರೆದು, ಏನೂ ಹೇಳದೆ ಅಂಗೈ ಮೇಲಿಟ್ಟು ತೋರಿಸಿದಳು. ದಸ್ತಗೀರ್ ಸಾಬ್ ಅಂಗಡಿ ಮುಚ್ಚಿ ಮದುವೆಯ ಕೊನೆ ಪಂಕ್ತಿಗೆ ಬಂದು ಬಿರಿಯಾನಿ ತಿಂದು ಹೋದದ್ದನ್ನು ಗಿರಿಯಮ್ಮ ಹೂಬುಟ್ಟಿಯ ಪಕ್ಕ ಕೂತು ನೋಡಿದ್ದಳು.

ಗಿರಿಯಮ್ಮ ಒಂದು ಗಳಿಗೆ ಕಣ್ಣು ಕಿರಿದು ಮಾಡಿದಳು. ಬಾಯಲ್ಲಿದ್ದ ಎಲೆ ಅಡಿಕೆ ಅಂಗಳಕ್ಕೆ ಹಾರಿತು.

"ಅಯ್ಯೋ ನನ್ ಶಿವನೇ! ತುಮಕೂರ್ ಸಾಬ್ರು ಕಣವ್ವಾ ಇದು! ಬೂಬಮ್ಮ, ಇದು ನಡ್ಕೊಂಡ್ ಹೋಯ್ತಾ ಐತೆ ನೋಡು, ನಡ್ಕೊಂಡ್ ಹೋಯ್ತಾ ಐತೆ!"

"ಮೆಲ್ಲಗೆ ನಗು ಗಿರಿಯಮ್ಮಾ. ಇನ್ನೂ ಮಾರಬೇಕು."

"ಎಲ್ ಮಾರ್ತೀಯಾ ಇದನ್ನ?"

"ನಾನ್ ಮಾರಲ್ಲ. ಅವನೇ ಮಾರ್ತಾನೆ."

ಮರುವರ್ಷದ ಗೌರಿ ಹಬ್ಬಕ್ಕೆ ಇನ್ನೂ ಸಮಯವಿತ್ತು. ಹೆಗ್ಗಣವನ್ನು ಬಟ್ಟೆಯ ಮೇಲೆ ಬಟ್ಟೆ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ, ಅವಳು ದಸ್ತಗೀರ್ ಸಾಬ್ ಅವರ ಅಂಗಡಿಗೆ ಹೋದಳು. ಅವರಿಗೆ ಆಶ್ಚರ್ಯ.

"ಕೋಪ ಇಳೀತಾ ಆಪಾ?"

"ಕೋಪ ಮಾಡ್ಕೊಂಡು ಎಲ್ಲಿಗೆ ಹೋಗ್ಲಿ ಭಾಯಿ? ಗಿಲೀಟಿನ ತೊಟ್ಟಿ ಇರೋದು ನಿಮ್ಮ ಹತ್ರ. ಇದೊಂದು ದೊಡ್ಡ ಆರ್ಡರು. ಗಣೇಶನ ಹಬ್ಬಕ್ಕೆ ಹೆಣ್ಮಕ್ಳು ಕೇಳವ್ರೆ, ಇಲಿ ಜಾತೀದು. ಅಲ್ಲಾನ ಮೇಲಾಣೆ, ಇದನ್ನ ಯಾರ ಮುಂದೂ ಬಿಚ್ಚಬೇಡಿ. ಒಬ್ಬರ ಕಣ್ಣಿಗೆ ಬಿದ್ರೂ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ."

ಬೇಡ ಅಂದದ್ದನ್ನೇ ಮಾಡುವುದು ಕಳ್ಳನ ಜಾತಕ. ದಸ್ತಗೀರ್ ಸಾಬ್ ಅವರ ಕಣ್ಣು ಮಿನುಗಿತು. ಬಟ್ಟೆ ಬಿಚ್ಚಿ, ಹೆಗ್ಗಣವನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ನೋಡಿದರು. ತುಟಿಯ ಕೊನೆಯಲ್ಲಿ ನಗು ಬಂತು. ಆಮೇಲೆ ನಗು ನಿಂತಿತು.

"ಹಿಂಗೆ ನಡೆಯೋರನ್ನ ಎಲ್ಲೋ ನೋಡಿದೀನಲ್ಲ..."

ಖಮರುನ್ನೀಸಾ ಪದಕ ಸುತ್ತಿದ್ದ ಬಟ್ಟೆಯನ್ನು ಮಡಿಸತೊಡಗಿದಳು. ಇಷ್ಟು ದಿನದ ಕೆಲಸ ಈ ಒಂದು ಗಳಿಗೆಯಲ್ಲಿ ಮಣ್ಣಾಗುತ್ತದಲ್ಲ ಅನ್ನಿಸಿತು.

"ಹಾಂ! ಗೂಳೂರಿನ ಕಡೆ ಒಬ್ಬ ದಲ್ಲಾಳಿ ಅವ್ನೆ, ಥೇಟ್ ಹಿಂಗೇ" ಎಂದು ದಸ್ತಗೀರ್ ಸಾಬ್ ತೊಡೆ ತಟ್ಟಿಕೊಂಡು ನಕ್ಕರು. "ಭಲೇ ಆಪಾ, ಭಲೇ. ಮುಂದಿನ ವಾರ ಬನ್ನಿ."

ಮುಂದಿನ ವಾರ ಅವಳು ಹೋಗಿ ತಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸೆರಗಿನ ಪಿನ್ನು ತೆಗೆದು, ಹೆಗ್ಗಣದ ಕಂಕುಳಿನ ಸಂದಿಯನ್ನು ಕೆದಕಿದಳು. ಹಳದಿ ಸೋಪಿನ ಚೂರೊಂದು ಉದುರಿ ಅಂಗೈಗೆ ಬಿತ್ತು. ಅವಳು ಅದನ್ನು ಅತ್ತರಿನ ಹಾಗೆ ಮೂಸಿದಳು. ಗುಬ್ಬಿ ಬರುವವರೆಗೂ ಮುಷ್ಟಿ ಬಿಚ್ಚಲಿಲ್ಲ.

ಆಮೇಲಿನ ಸಮಾಚಾರವೆಲ್ಲ ಹೂವಿನ ಜೊತೆ ಬಂತು. ಗಿರಿಯಮ್ಮ ಹೂ ತರಲು ತುಮಕೂರಿಗೆ ಹೋದಾಗಲೆಲ್ಲ ಒಂದಷ್ಟು ಸುದ್ದಿಯನ್ನೂ ಕಟ್ಟಿಕೊಂಡು ಬರುತ್ತಿದ್ದಳು. ಹೆಗ್ಗಣ ಗಾಜಿನ ಪೆಟ್ಟಿಗೆಗೆ ಬಂತು. ಮೊದಲು ಗುರುತು ಹಿಡಿದವರು ಮಂಡಿಯ ಹಮಾಲಿಗಳು. ಮೂಟೆ ಹೊತ್ತು ಬಗ್ಗಿ ನಡೆಯುವವರಿಗೆ ಮುಂದೆ ಹೋಗುವವರ ಬೆನ್ನೇ ಅಲ್ಲವೇ ಕಾಣುವುದು! ಅವರು ಹೆಂಡತಿಯರಿಗೆಂದು ಒಂದೊಂದು ಕೊಂಡರು. ಕಾಲೇಜು ಹುಡುಗಿಯರು ಕೊಂಡರು. ದಸ್ತಗೀರ್ ಸಾಬ್ ಅವರಿಗೆ ಖುಷಿಯೋ ಖುಷಿ. ಇಷ್ಟು ನಗುನಗುತ್ತಾ ಗಿರಾಕಿಗಳು ಮಾಲು ಕೊಂಡದ್ದನ್ನು ಅವರು ಈ ಜನ್ಮದಲ್ಲಿ ನೋಡಿರಲಿಲ್ಲ. ಇನ್ನಷ್ಟು ಎರಕ ಹೊಯ್ಸಿದರು. ಪದಕ ಸಾಲದೆಂದು ಜುಮುಕಿ ಮಾಡಿಸಿದರು, ಜಡೆಗೆ ಸಿಕ್ಕಿಸುವ ಕ್ಲಿಪ್ಪೂ ಮಾಡಿಸಿದರು. ಗುಬ್ಬಿಗೂ ಕುಣಿಗಲ್ಲಿಗೂ ಮಾಲು ಕಳಿಸಿದರು. ಅಂಗಡಿಯ ಬಾಗಿಲಿಗೆ ಮೊಳದುದ್ದದ ತಗಡಿನ ಹೆಗ್ಗಣವನ್ನೇ ಮಾಡಿಸಿ ತೂಗುಹಾಕಿದರು. ದಿನಾ ಅದರ ಕೆಳಗೇ ಹಾದು, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮಸೀದಿಗೆ ಹೊರಡುತ್ತಿದ್ದರು. ಎದುರಿನ ಹೋಟೆಲಿನವರು ಆ ಹೊತ್ತಿಗೆ ಸರಿಯಾಗಿ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು.

ಅದನ್ನು ನೋಡಲೆಂದೇ ಖಮರುನ್ನೀಸಾ ಒಮ್ಮೆ ತುಮಕೂರಿಗೆ ಹೋದಳು. ಕಾಲೇಜು ಹುಡುಗಿಯರ ಗುಂಪೊಂದು ಪುಸ್ತಕಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಂದು ಕೈ ಹಿಂದೆ ಇಟ್ಟುಕೊಂಡು, ದಸ್ತಗೀರ್ ಸಾಬ್ ಅವರ ಹಿಂದೆ ಸಾಲಾಗಿ ಒಲೆಯುತ್ತಾ ನಡೆದರು. ಒಬ್ಬೊಬ್ಬಳ ಜಡೆಯಲ್ಲೂ ಹೆಗ್ಗಣ. ಅವರು ತಿರುಗಿ ನೋಡಿದರು. ಹುಡುಗಿಯರು ನಿಂತರು. "ನಿಮ್ಮ ಅಂಗಡಿದೇ ಸಾಬ್ರೇ, ಚೆನ್ನಾಗದೆ" ಎಂದಳು ಒಬ್ಬಳು. ಅವರು ಸಂತೋಷದಿಂದ ಗಡ್ಡ ನೀವಿಕೊಂಡರು. ಖಮರುನ್ನೀಸಾ ಬುರ್ಖಾದೊಳಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಿಕಾಹ್ ದಿನದಿಂದ ಎದೆಯಲ್ಲಿ ಕೂತಿದ್ದ ಕೆಂಡಕ್ಕೆ ಅವತ್ತು ಮೊದಲ ಸಲ ತಣ್ಣೀರು ಬಿದ್ದಂತಾಯಿತು. ಆದರೆ ಆರಲಿಲ್ಲ. ಇವನಿಗೆ ಗೊತ್ತೇ ಆಗದಿದ್ದರೆ ಇದು ಸೇಡು ಹೇಗಾದೀತು?

"ಸಾಕ್ ಬುಡು ಬೂಬಮ್ಮ" ಎಂದಳು ಗಿರಿಯಮ್ಮ ಒಂದು ದಿನ. "ಊರ್ ತುಂಬಾ ಹೆಗ್ಗಣದ್ ಸಾಬ್ರು ಅಂತಾವ್ರೆ. ವಯಸ್ಸಾದ್ ಮನುಷ್ಯ. ಅವನ್ ಮನೇಲೂ ಹೆಣ್ ಮಕ್ಳು ಅವ್ರೆ."

"ನನ್ನ ಮನೇಲಿ ಇರಲಿಲ್ವಾ?" ಎಂದಳು ಖಮರುನ್ನೀಸಾ. ಗಿರಿಯಮ್ಮ ಹೂ ಕಟ್ಟುವುದನ್ನು ಮುಂದುವರಿಸಿದಳು.

ಗಣೇಶನ ಹಬ್ಬ ಕಳೆದು, ಮೊಹರಂ ಹತ್ತಿರ ಬಂದಾಗ ಒಂದು ಮಧ್ಯಾಹ್ನ ದಸ್ತಗೀರ್ ಸಾಬ್ ಗುಬ್ಬಿಗೇ ಬಂದರು. ಬಾಗಿಲಲ್ಲಿ ನಿಂತ ಮನುಷ್ಯನನ್ನು ಅವಳು ಒಮ್ಮೆಗೇ ಗುರುತು ಹಿಡಿಯಲಿಲ್ಲ. ಕೊಡೆ ಕಂಕುಳಲ್ಲಿರಲಿಲ್ಲ. ಅದನ್ನು ಎರಡೂ ಕೈಯಲ್ಲಿ ಎದೆಗೆ ಅಡ್ಡ ಹಿಡಿದುಕೊಂಡಿದ್ದರು. ಒಳಗೆ ಬಂದವರೇ ಗೋಡೆಗೆ ಬೆನ್ನು ಅಂಟಿಸಿಕೊಂಡು ಕೂತರು.

"ಬಿ.ಎಚ್. ರಸ್ತೇಲಿ ಹೊಸ ಸಲೂನ್ ಮಾಡವ್ರೆ" ಎಂದು ಶುರು ಮಾಡಿದರು. "ಮುಂದಿನ ಗೋಡೇಗೂ ಕನ್ನಡಿ, ಹಿಂದಿನ ಗೋಡೇಗೂ ಕನ್ನಡಿ. ಒಳಗೆ ಹೋದೆ. ಕನ್ನಡೀಲಿ ಯಾರದೋ ಬೆನ್ನು ಕಾಣ್ತು. ಕೊಡೆ ಬೇರೆ. ಗೂಳೂರಿನ ದಲ್ಲಾಳಿ ಬಂದವ್ನೆ ಅಂದ್ಕೊಂಡೆ. ಸ್ವಲ್ಪ ಪಕ್ಕಕ್ಕೆ ಸರೀರಿ ಸಾಬ್ರೇ, ದಾರಿ ಬಿಡಿ ಅಂದೆ."

ಅವರು ಕೊಡೆಯ ಹಿಡಿಯನ್ನು ತಿರುವುತ್ತಾ ಮುಂದುವರಿಸಿದರು.

"ಅಂಗಡಿ ತುಂಬಾ ನಕ್ಕರು ಆಪಾ. ಕ್ಷೌರದವನು ಕತ್ತರಿ ಕೆಳಗಿಟ್ಟು ನಕ್ಕ. ನಾನು ಸರಿದ್ರೆ ಅವನೂ ಸರಿದ. ಆಗ ಗೊತ್ತಾಯ್ತು. ನನ್ನ ಬೆನ್ನು ನಾನೇ ಮಾರಿದೀನಿ. ನನ್ನ ಅಂಗಡೀಲಿ, ನನ್ನ ಕೈಯಾರೆ."

ಖಮರುನ್ನೀಸಾ ಟೀ ಕೊಡಲಿಲ್ಲ. ಪೆಟ್ಟಿಗೆ ತೆಗೆದು, ಬಟ್ಟೆ ಬಿಚ್ಚಿ, ಮೊದಲ ಹೆಗ್ಗಣವನ್ನು ಅವರ ಮುಂದಿಟ್ಟಳು.

"ನಾನು ಮಾಡಿದ್ದು ಇದೊಂದೇ. ಇದು ಯಾರ ಮೈ ಮೇಲೂ ಹೋಗಿಲ್ಲ. ಯಾರ ಮುಂದೂ ಬಿಚ್ಚಬೇಡಿ ಅಂತ ಆಣೆ ಇಟ್ಟು ಹೇಳಿದ್ದೆ. ಸೋಪು ನಿಮ್ಮದು, ಎರಕ ನಿಮ್ಮದು, ಅಂಗಡಿ ನಿಮ್ಮದು. ಮಾಡಿದ್ದುಣ್ಣೋ ಮಹರಾಯ ಅಂತಾರೆ, ಊಟ ಮಾಡಿ."

"ತಪ್ಪಾಯ್ತು ಆಪಾ. ಎಲ್ಲಾ ಕರಗಿಸಿಬಿಡ್ತೀನಿ. ಇದೊಂದನ್ನ ನನಗೆ ಕೊಟ್ಟುಬಿಡಿ. ಇದು ಇದ್ದರೆ ನನಗೆ ನಿದ್ದೆ ಬರಲ್ಲ."

"ಕೊಡ್ತೀನಿ. ಇಲ್ಲಲ್ಲ, ಕುಣಿಗಲ್ಲಲ್ಲಿ. ಜೈನಬ್ ಬೀ ಮುಂದೆ ನಿಂತು, ಮೊದಲು ಮಾಡಿದ್ದು ಈಕೆ, ಕದ್ದದ್ದು ನಾನು ಅಂತ ಬಾಯಿಬಿಟ್ಟು ಹೇಳ್ಬೇಕು."

"ಬೀಗರ ಮನೆ ಮುಂದಾ? ನನ್ನ ಮಾನ..."

"ಅದೇನು ಅಂತ ಈಗ ಗೊತ್ತಾಯ್ತಲ್ಲ" ಅಂದಳು ಖಮರುನ್ನೀಸಾ.

ಜುಮ್ಮಾ ನಮಾಜು ಮುಗಿದ ಮೇಲೆ ಅವರು ಕುಣಿಗಲ್ಲಿಗೆ ಬಂದರು. ಖಮರುನ್ನೀಸಾ ಮೊದಲೇ ಹೋಗಿ ಕೂತಿದ್ದಳು. ಶುಕ್ರವಾರವೇ ಬೇಕು ಅಂದವಳು ಅವಳೇ. ಅವತ್ತು ಮನೆ ತುಂಬ ನೆಂಟರಿರುತ್ತಾರೆ, ನಿಕಾಹ್ ದಿನ ಬಸ್ಸಿಂದ ಇಳಿದ ಅದೇ ಹುಡುಗಿಯರು ಇರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಜೈನಬ್ ಬೀ ಮಂಚದ ಮೇಲೆ ಕೂತಿದ್ದಳು. ಅವಳ ಕೊರಳಲ್ಲಿ ಹೊಚ್ಚಹೊಸ ಹೆಗ್ಗಣ ಹೊಳೆಯುತ್ತಿತ್ತು, ಕುಣಿಗಲ್ ಪೇಟೆಯಲ್ಲಿ ಕೊಂಡದ್ದು. ರಹಿಮಾ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

ದಸ್ತಗೀರ್ ಸಾಬ್ ನಡುಮನೆಯಲ್ಲಿ ನಿಂತು, ಕೊಡೆಯನ್ನು ಎದೆಗೆ ಒತ್ತಿಕೊಂಡು, ನೆಲ ನೋಡುತ್ತಾ ಹೇಳಿದರು.

"ನಿಮ್ಮ ಸೊಸೆ ಒಡವೆ ಇವರು ಕೈಯಾರೆ ಮಾಡಿದ್ದು. ಗಿಲೀಟಿಗೆ ಅಂತ ನನ್ನ ನಂಬಿ ಕೊಟ್ಟಿದ್ರು. ನಾನು ಕದ್ದು ಅಚ್ಚು ತೆಗೆದೆ. ನಿಮ್ಮೋರು ಹಾಕ್ಕೊಂಡಿದ್ದೆಲ್ಲ ಕಳ್ಳ ಮಾಲು. ಅಸಲು ಅವಳ ಹತ್ರ ಇರೋದೊಂದೇ."

ಹುಡುಗಿಯೊಬ್ಬಳು ಮೆಲ್ಲಗೆ ತನ್ನ ಕೊರಳಿನ ಗುಬ್ಬಚ್ಚಿಯನ್ನು ದುಪಟ್ಟಾದೊಳಗೆ ಸರಿಸಿಕೊಂಡಳು. ಜೈನಬ್ ಬೀ ಮಾತ್ರ ಸಾಬ್ ಅವರನ್ನೇ ಮೇಲಿಂದ ಕೆಳಗೆ ನೋಡುತ್ತಿದ್ದಳು. ಟೋಪಿ ನೋಡಿದಳು, ಆಚೀಚೆ ತಿರುಗಿದ ಪಾದ ನೋಡಿದಳು, ಕೊಡೆ ನೋಡಿದಳು. ಕೊರಳಿನ ಪದಕವನ್ನು ಎತ್ತಿ ಹಿಡಿದು ಅದನ್ನೂ ನೋಡಿದಳು.

"ಸಾಬ್ರೇ" ಅಂದಳು. "ಒಂಚೂರು ತಿರುಗಿ ನಿಂತ್ಕೊಳ್ಳಿ."

"ಬೇಡಮ್ಮಾ..."

"ತಿರುಗಿ ಅಂದೆ."

ಅವರು ತಿರುಗಿದರು. ತಿರುಗಿದ ತಕ್ಷಣ ಅಭ್ಯಾಸಬಲದಿಂದ ಕೊಡೆ ಎಡಗಂಕುಳಿಗೆ ಹೋಯಿತು, ಬಲಗೈ ಬೆನ್ನ ಹಿಂದೆ ಬಂತು, ಅಂಗೈ ಬಿಚ್ಚಿಕೊಂಡಿತು. ಜೈನಬ್ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗಲಿಲ್ಲ. ಇಡೀ ಮನೆ ನಕ್ಕಿತು. ಆ ನಗುವಿನ ಮೇಲೆ ಇನ್ನೊಂದು ನಗು ಕೇಳಿಸಿತು, ಅಡುಗೆಮನೆಯ ಕಡೆಯಿಂದ, ಕಟ್ಟಿಹಾಕಿದ್ದ ಕರು ಹಗ್ಗ ಕಿತ್ತುಕೊಂಡು ಬಂದ ಹಾಗೆ. ರಹಿಮಾ ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ಬಗ್ಗಿ ನಗುತ್ತಿದ್ದಳು. ಖಮರುನ್ನೀಸಾ ಎದ್ದು ಹೋಗಿ ಆ ಬಿಚ್ಚಿದ ಅಂಗೈಯಲ್ಲಿ ಹಿತ್ತಾಳೆಯ ಹೆಗ್ಗಣವನ್ನು ಇಟ್ಟಳು.

"ತಗೊಳ್ಳಿ ಭಾಯಿ. ಇದೊಂದು ಕೇಳಿ ಈಸ್ಕೊಂಡಿದ್ದು."

ಅಂಗೈ ಮುಚ್ಚಿಕೊಂಡಿತು.

ಜೈನಬ್ ಬೀ ಕಣ್ಣೊರೆಸಿಕೊಂಡು, "ರಹಿಮಾ" ಎಂದು ಕರೆದಳು. ಆ ಮನೆಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ, ಹುಡುಗಿಗೆ ತನ್ನನ್ನೇ ಕರೆದದ್ದು ಎಂದು ಹೊಳೆಯಲಿಲ್ಲ. "ಹೋಗೇ, ನಿನ್ನ ಒಡವೆ ಹಾಕ್ಕೊಂಡ್ ಬಾ. ಎಲ್ಲಿಟ್ಟಿದೀಯ, ಅಕ್ಕಿ ಡಬ್ಬದಲ್ಲಿ ತಾನೆ? ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ?"

ರಹಿಮಾ ಬಂದಾಗ ಗಾಳಿಪಟದ ಬಾಲದಲ್ಲಿ ಇನ್ನೂ ಅಕ್ಕಿಯ ಹಿಟ್ಟು ಅಂಟಿತ್ತು. ಅವಳು ದಸ್ತಗೀರ್ ಸಾಬ್ ಅವರ ಮುಂದೆಯೇ ನಿಂತು, ಬೇಕೆಂದೇ ತಲೆ ಆಡಿಸಿದಳು. ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಯಿತು. ತನ್ನ ಕೋಪದ ರೀತಿ ಮಗಳಿಗೂ ಬಂದಿದೆ ಎಂದು ತಾಯಿಗೆ ಸಂತೋಷವಾಯಿತು.

ಹೊರಡುವ ಹೊತ್ತಾಯಿತು. ದಸ್ತಗೀರ್ ಸಾಬ್ ಸಲಾಮು ಹೇಳಿದರು. ಆದರೆ ತಿರುಗಲಿಲ್ಲ. ಇಷ್ಟು ಕಣ್ಣುಗಳಿಗೆ ಮತ್ತೆ ಆ ಬೆನ್ನು ತೋರಿಸಲು ಅವರಿಂದಾಗಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ, ಮುಖ ಇವರ ಕಡೆಗೇ ಇಟ್ಟುಕೊಂಡು, ಹೊಸ್ತಿಲನ್ನು ಕಾಲಲ್ಲಿ ತಡವಿ ಹುಡುಕಿ ದಾಟಿದರು. ದರ್ಗಾದಿಂದ ಹೊರಡುವವರು ಹಾಗೆ ಹೊರಡುತ್ತಾರೆ, ಒಳಗೆ ಮಲಗಿರುವ ದೊಡ್ಡವರಿಗೆ ಬೆನ್ನು ತೋರಿಸಬಾರದೆಂದು. ಕಲಾಯಿಯವನ ಹೆಂಡತಿಗೆ ಅಂಥ ಮರ್ಯಾದೆಯನ್ನು ಅವತ್ತಿನವರೆಗೆ ಯಾರೂ ಕೊಟ್ಟಿರಲಿಲ್ಲ.

ಖಮರುನ್ನೀಸಾ ಬಾಗಿಲಿಗೆ ಬಂದು ನಿಂತಳು. ಗಲ್ಲಿಯ ಆ ತುದಿಯಿಂದ ಬರುತ್ತಿದ್ದವರು ಈ ವಿಚಿತ್ರ ನೋಡಿ ನಿಂತು ಗೋಡೆಗೆ ಸರಿದು ದಾರಿ ಬಿಟ್ಟರು. ದಸ್ತಗೀರ್ ಸಾಬ್ ಒಂದು ಕಡೆ ಚರಂಡಿಗೆ ಕಾಲಿಟ್ಟರು, ಎತ್ತಿಕೊಂಡರು, ಮತ್ತೆ ಹಿಂದೆ ಹಿಂದೆ ನಡೆದರು. ಅವರು ಮೂಲೆ ತಿರುಗಿ ಮರೆಯಾಗುವವರೆಗೂ ಅವಳು ರೆಪ್ಪೆ ಹೊಡೆಯದೆ ನೋಡಿದಳು. ಈ ಗಲ್ಲಿ ಇನ್ನೂ ಸ್ವಲ್ಪ ಉದ್ದ ಇರಬಾರದಿತ್ತೇ ಅನ್ನಿಸಿತು.